ಹಳೆಯ ಆರ್‌ಎಸ್, ಹೊಸ ಖರ್ಚು

ಕೈಯಲ್ಲಿ ಇಪ್ಪತ್ತು ಇಪ್ಪತ್ತೆರಡು ಲಕ್ಷ ರೂಪಾಯಿ ಇದೆ. ಮನೆಮಂದಿಯೆಲ್ಲ ಕೂರುವಂಥ ಸೆಡಾನ್ ಬೇಕು. ಆದರೆ ಆಕ್ಸಿಲರೇಟರ್ ಒತ್ತಿದಾಗ ಬೆನ್ನು ಸೀಟಿಗೆ ಅಂಟಬೇಕು. ಇಂಥ ಆಸೆಯವರು ಬೆಂಗಳೂರಿನಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಇರುವ ದಾರಿ ಎರಡು. ಶೋರೂಮಿಗೆ ಹೋಗಿ 150 ಪಿಎಸ್ ಶಕ್ತಿಯ ಹೊಸ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿಯನ್ನೋ 160 ಪಿಎಸ್‌ನ ಹ್ಯುಂಡೈ ವೆರ್ನಾ ಟರ್ಬೊವನ್ನೋ ತರಬಹುದು. ಇಲ್ಲವೇ ಹೆಚ್ಚುಕಡಿಮೆ ಅದೇ ದುಡ್ಡಿಗೆ 2017–18ರಲ್ಲಿ ರಸ್ತೆಗಿಳಿದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230 ಅನ್ನು ಹುಡುಕಬಹುದು. ಮೊದಲ ದಾರಿಯಲ್ಲಿ ವಾರಂಟಿ ಇದೆ, ನಿಶ್ಚಿಂತೆ ಇದೆ. ಎರಡನೆಯದರಲ್ಲಿ ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 230 ಪಿಎಸ್ ಶಕ್ತಿ, 350 ನ್ಯೂಟನ್ ಮೀಟರ್ ಟಾರ್ಕ್, ನಿಂತಲ್ಲಿಂದ ನೂರರ ವೇಗಕ್ಕೆ ಏಳು ಸೆಕೆಂಡಿಗಿಂತ ಕಡಿಮೆ ಸಮಯ.

ಅಕ್ಕನ ಮಗ ಈ ಪ್ರಶ್ನೆ ಹಿಡಿದುಕೊಂಡು ಮನೆಗೆ ಬಂದಿದ್ದ. ವೈಟ್‌ಫೀಲ್ಡ್‌ನಲ್ಲಿ ಕೆಲಸ, ಮದುವೆಯಾಗಿ ವರ್ಷವಾಗಿದೆ. "ಮಾಮಾ, ಇದೇ ದುಡ್ಡಿಗೆ ಹೊಸ ಕ್ರೆಟಾ ಬರುತ್ತೆ, ಬೇರೆಯವರು ಓಡಿಸಿ ಬಿಟ್ಟ ಗಾಡಿ ಯಾಕೋ ಅಂತಾಳೆ ಅಮ್ಮ. ನೀವೇನಂತೀರಿ?" ಅಕ್ಕನ ಮಾತಿನಲ್ಲಿ ತಪ್ಪಿರಲಿಲ್ಲ. ಅವನ ಆಸೆಯಲ್ಲೂ ತಪ್ಪಿರಲಿಲ್ಲ. ಹಾಗಾಗಿ ಅವನಿಗೆ ಹೌದು ಅಥವಾ ಬೇಡ ಎನ್ನುವ ಮೊದಲು ಲೆಕ್ಕ ಹಾಕೋಣ ಎಂದೆ. ಹಳೆಯ ವೇಗದ ಕಾರನ್ನು ಕೊಳ್ಳುವವರು ಸಾಮಾನ್ಯವಾಗಿ ಕೊಳ್ಳುವ ಬೆಲೆಯೊಂದನ್ನೇ ನೋಡುತ್ತಾರೆ. ಕಾಲ ಕಳೆದಂತೆ ಆ ಬೆಲೆ ಇಳಿಯುತ್ತದೆ. ಆದರೆ ಅದರ ಬ್ರೇಕ್ ಡಿಸ್ಕ್, ಟೈರು, ಟರ್ಬೊ, ಗೇರ್‌ಬಾಕ್ಸಿನ ಎಣ್ಣೆ ಇವುಗಳ ಬೆಲೆ ಇಳಿಯುವುದಿಲ್ಲ. ವರ್ಷದಿಂದ ವರ್ಷಕ್ಕೆ ಏರುತ್ತದೆ. ಕೊಂಡದ್ದು ಇಪ್ಪತ್ತು ಲಕ್ಷಕ್ಕೇ ಇರಬಹುದು, ಸಾಕಬೇಕಾದದ್ದು ಮೂವತ್ತು ಲಕ್ಷದ ಕಾರನ್ನೇ.

ಮೂವತ್ತು ಲಕ್ಷ ಎಂದದ್ದು ಬಾಯಿಮಾತಿಗಲ್ಲ. 2017ರ ಆಗಸ್ಟ್‌ನಲ್ಲಿ ಆರ್‌ಎಸ್ 230 ಮಾರುಕಟ್ಟೆಗೆ ಬಂದಾಗ ಅದರ ಎಕ್ಸ್ ಶೋರೂಮ್ ಬೆಲೆ 24.62 ಲಕ್ಷ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಿತಾವಧಿ ತೆರಿಗೆ ಶೇ 18. ಅದೊಂದೇ ನಾಲ್ಕೂವರೆ ಲಕ್ಷದ ಹತ್ತಿರ ಬರುತ್ತದೆ. ಮೇಲೆ ಸೆಸ್, ವಿಮೆ. ಮೊದಲ ಮಾಲೀಕ ಬೀಗದ ಕೈ ಪಡೆಯುವ ಹೊತ್ತಿಗೆ ಮೊತ್ತ ಮೂವತ್ತರ ಸಮೀಪ ಹೋಗಿರುತ್ತಿತ್ತು.

ಈ ಕಾರಿಗೆ ಇಷ್ಟೊಂದು ಅಭಿಮಾನಿಗಳು ಹುಟ್ಟಿಕೊಂಡದ್ದಕ್ಕೆ ಹಿನ್ನೆಲೆ ಇದೆ. 2004ರಲ್ಲಿ, ಟರ್ಬೊ ಪೆಟ್ರೋಲ್ ಎಂಬುದು ನಮ್ಮ ರಸ್ತೆಗೆ ತೀರಾ ಹೊಸತಾಗಿದ್ದಾಗ, ಸ್ಕೋಡಾ ಮೊದಲ ಆಕ್ಟೇವಿಯಾ ಆರ್‌ಎಸ್ ಅನ್ನು ಇಲ್ಲಿಗೆ ತಂದಿತು. 1.8 ಲೀಟರ್, 150 ಪಿಎಸ್, ಐದು ಗೇರಿನ ಮ್ಯಾನುಯಲ್. 2011ರಲ್ಲಿ 160 ಪಿಎಸ್‌ನ ಲಾರಾ ಆರ್‌ಎಸ್ ಬಂತು. ಆಮೇಲೆ ಬಂದ 230 ಔರಂಗಾಬಾದಿನ ಕಾರ್ಖಾನೆಯಲ್ಲಿ ಜೋಡಣೆಯಾದದ್ದು. ಬೆಲೆ ಹಿಡಿತದಲ್ಲಿದ್ದುದಕ್ಕೆ ಅದೇ ಕಾರಣ. 2020ರ ಆರ್‌ಎಸ್ 245 ಪೂರ್ತಿ ಆಮದಾದ ಗಾಡಿ. ಬಂದದ್ದು 200 ಮಾತ್ರ, ಬೆಲೆ 36 ಲಕ್ಷ. 2023ರಲ್ಲಿ ಹೊಗೆ ನಿಯಮ ಬಿಗಿಯಾದಾಗ ಭಾರತದಲ್ಲಿ ಆಕ್ಟೇವಿಯಾದ ಮಾರಾಟವೇ ನಿಂತಿತು. 2025ರ ಅಕ್ಟೋಬರ್‌ನಲ್ಲಿ 265 ಪಿಎಸ್‌ನ ಹೊಸ ಆರ್‌ಎಸ್ ಮತ್ತೆ ಆಮದಾಗಿ ಬಂದಾಗ ಬೆಲೆ 49.99 ಲಕ್ಷ, ಸಂಖ್ಯೆ ಬರೀ 100. ಎಂಟು ವರ್ಷದಲ್ಲಿ ಅದೇ ಹೆಸರಿನ ಕಾರಿನ ಬೆಲೆ ಎರಡು ಪಟ್ಟಾಗಿದೆ. ಹಾಗಾಗಿಯೇ ಹಳೆಯ 230ರ ಬೆಲೆ ಅದರ ವಯಸ್ಸಿನ ಇತರ ಕಾರುಗಳಷ್ಟು ಬಿದ್ದಿಲ್ಲ. ಮಾರುವವನಿಗೆ ಇದು ಗೊತ್ತು, ಚೌಕಾಸಿಗೆ ಅವನು ಸುಲಭಕ್ಕೆ ಬಗ್ಗುವುದಿಲ್ಲ.

ಇದರ ಇನ್ನೊಂದು ಗುಣ ನನಗೆ ಬಹಳ ಇಷ್ಟ. ವೇಗದ ಕಾರು ಎಂದರೆ ಎರಡು ಬಾಗಿಲು, ಬಗ್ಗಿ ಕೂರುವ ಸೀಟು ಎಂದುಕೊಂಡವರಿಗೆ ಇದು ನೋಡಲು ಮಾಮೂಲಿ ಆಕ್ಟೇವಿಯಾ. ಹಿಂದಿನ ಗಾಜಿನ ಸಮೇತ ಮೇಲೇಳುವ ಡಿಕ್ಕಿ ಬಾಗಿಲು, ಒಳಗೆ 590 ಲೀಟರ್ ಜಾಗ. ಊರಿಂದ ಬರುವಾಗ ಎರಡು ಮೂಟೆ ಅಕ್ಕಿ, ತೆಂಗಿನಕಾಯಿ, ಮಗುವಿನ ತಳ್ಳುಗಾಡಿ ಎಲ್ಲವೂ ಹಿಡಿಸುತ್ತವೆ. ಅಪ್ಪ ಅಮ್ಮನನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋಗಿಬಂದು, ಭಾನುವಾರ ಬೆಳಿಗ್ಗೆ ಒಬ್ಬನೇ ನಂದಿ ಬೆಟ್ಟದ ಕಡೆ ಹೊರಡಬಹುದು.

ಇನ್ನು ಕಾರು ನೋಡುವ ಕೆಲಸ. ನಾವು ಮೊದಲು ನೋಡಿದ ಗಾಡಿ ಫೋಟೊದಲ್ಲಿ ಚೆನ್ನಾಗಿತ್ತು, ಎದುರಿಗೂ ಚೆನ್ನಾಗಿತ್ತು. ಬಾನೆಟ್ ಮೇಲೆ ಕೈಯಿಟ್ಟರೆ ಬಿಸಿ. "ಈಗಷ್ಟೇ ಪೆಟ್ರೋಲ್ ಹಾಕಿಸಿಕೊಂಡು ಬಂದೆ ಸಾರ್" ಎಂದರು ಬ್ರೋಕರ್. ಅವರು ಹೇಳಿದ್ದು ನಿಜವೇ ಇರಬಹುದು. ಆದರೆ ಟರ್ಬೊ ಎಂಜಿನ್ನಿನ ದೋಷಗಳು ತಣ್ಣಗಿದ್ದಾಗ ಕಾಣುವಷ್ಟು ಬಿಸಿಯಾದಾಗ ಕಾಣುವುದಿಲ್ಲ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ನಮ್ಮೆದುರೇ ಸ್ಟಾರ್ಟ್ ಮಾಡಿದಾಗ ಟೈಮಿಂಗ್ ಚೈನು ಕ್ಷಣಕಾಲ ಗಲಗಲ ಎನ್ನುತ್ತದೆಯೇ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆಯೇ, ಐಡಲ್‌ನಲ್ಲಿ ನಡುಗುತ್ತದೆಯೇ ಎಂದು ತಿಳಿಯುತ್ತದೆ. ಆದ್ದರಿಂದ ಮರುದಿನ ಬೆಳಿಗ್ಗೆ ಬರುತ್ತೇವೆ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಕೇಳಿಕೊಳ್ಳಬೇಕು. ಇದಕ್ಕೆ ಒಪ್ಪದವರ ಗಾಡಿ ಬಿಟ್ಟುಬಿಡುವುದೇ ಸರಿ. ನಾವು ಬಿಟ್ಟೆವು.

ಈ ಎಂಜಿನ್ ಕುಟುಂಬದ ಹೆಸರು ಇಎ888. ಸ್ಕೋಡಾ ಸೇರಿದಂತೆ ಫೋಕ್ಸ್‌ವ್ಯಾಗನ್ ಸಮೂಹದ ಹತ್ತಾರು ಕಾರುಗಳಲ್ಲಿ ಇದೇ ಎಂಜಿನ್ ಇರುವುದರಿಂದ ಇದರ ಬಲ, ದೌರ್ಬಲ್ಯ ಎರಡೂ ಮೆಕ್ಯಾನಿಕ್‌ಗಳಿಗೆ ಚೆನ್ನಾಗಿ ಗೊತ್ತು. ನೀರಿನ ಪಂಪ್ ಮತ್ತು ಥರ್ಮೋಸ್ಟಾಟ್ ಕೂತಿರುವ ಪ್ಲಾಸ್ಟಿಕ್ ಗೂಡು ಕಾಲಕ್ರಮೇಣ ಕೂಲಂಟ್ ಸೋರುತ್ತದೆ. ಟಾರ್ಚ್ ಹಿಡಿದು ಆ ಭಾಗದಲ್ಲಿ ಒಣಗಿ ಗಟ್ಟಿಯಾದ ಗುಲಾಬಿ ಬಣ್ಣದ ಕಲೆ ಇದೆಯೇ ಎಂದು ನೋಡಬೇಕು. ಇದ್ದರೆ ಹೆದರಬೇಕಿಲ್ಲ, ಅದು ಬದಲಿಸಬಹುದಾದ ಭಾಗ. ಆ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಂಡರಾಯಿತು. ಸೋರಿಕೆಯಿದ್ದೂ ನೀರು ತುಂಬಿಸಿಕೊಂಡು ಓಡಿಸಿದ್ದರೆ ಮಾತ್ರ ಬೇರೆ ವಿಷಯ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಎಂಜಿನ್‌ಗಳಲ್ಲಿ ಒಳಬರುವ ಗಾಳಿಯ ವಾಲ್ವುಗಳನ್ನು ಪೆಟ್ರೋಲ್ ತೊಳೆಯುವುದಿಲ್ಲವಾದ್ದರಿಂದ ಅಲ್ಲಿ ಕಾರ್ಬನ್ ಕಟ್ಟಿಕೊಳ್ಳುತ್ತದೆ. ಟ್ರಾಫಿಕ್ಕಿನಲ್ಲೇ ಜೀವನ ಕಳೆದ ಬೆಂಗಳೂರಿನ ಗಾಡಿಗಳಲ್ಲಿ ಇದನ್ನು ಕೇಳಲೇಬೇಕು.

ಗೇರ್‌ಬಾಕ್ಸಿನ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಹೆದರಿಕೆ ಹಬ್ಬಿದೆ. ಈ ಸಮೂಹದ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಆದ ಡಿಎಸ್‌ಜಿ ಎಂದ ಕೂಡಲೇ "ಅಯ್ಯೋ, ಅದು ಕೈಕೊಡುತ್ತೆ" ಎನ್ನುವವರೇ ಹೆಚ್ಚು. ಆ ಕೆಟ್ಟ ಹೆಸರು ಬಹುಪಾಲು ಏಳು ಗೇರಿನ, ಒಣ ಕ್ಲಚ್ಚಿನ ಡಿಕ್ಯೂ200ರದ್ದು. ಆರ್‌ಎಸ್ 230ರಲ್ಲಿರುವುದು ಆರು ಗೇರಿನ ಡಿಕ್ಯೂ250. ಅದರ ಕ್ಲಚ್ಚುಗಳು ಎಣ್ಣೆಯಲ್ಲಿ ಮುಳುಗಿರುತ್ತವೆ, ಬಿಸಿಯನ್ನು ತಾಳಿಕೊಳ್ಳುತ್ತವೆ, ಹೆಚ್ಚಿನ ಟಾರ್ಕ್ ಹೊರುತ್ತವೆ. ಒಂದೇ ಷರತ್ತು: 60,000 ಕಿಲೋಮೀಟರಿಗೊಮ್ಮೆ ಎಣ್ಣೆ ಮತ್ತು ಫಿಲ್ಟರ್ ಬದಲಿಸಲೇಬೇಕು. ಎಂಬತ್ತು ಸಾವಿರ ಓಡಿದ ಗಾಡಿ ಮಾರುತ್ತಿರುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಇದೇ. ಬಿಲ್ ತೋರಿಸಿದರೆ ಮಾತು ಮುಂದುವರಿಯುತ್ತದೆ. "ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಅಲ್ವಾ, ಅದಕ್ಕೇನೂ ಮಾಡೋದು ಬೇಡ" ಎಂದರೆ ಆ ಮಾಲೀಕನಿಗೆ ತನ್ನ ಕಾರು ಏನೆಂದೇ ಗೊತ್ತಿರಲಿಲ್ಲ ಎಂದು ತಿಳಿಯಬೇಕು. ಟೆಸ್ಟ್ ಡ್ರೈವಿನಲ್ಲೂ ನೂರರ ವೇಗಕ್ಕಿಂತ ಐದರ ವೇಗ ಮುಖ್ಯ. ಸಿಲ್ಕ್ ಬೋರ್ಡಿನ ಸಂಜೆಯ ಸಾಲಿನಲ್ಲಿ ನಿಂತು ನಿಂತು ಮುಂದೆ ಸರಿಯುವಾಗ ಎಳೆತ ನಯವಾಗಿದೆಯೇ, ಮೊದಲಿಂದ ಎರಡನೇ ಗೇರಿಗೆ ಹೋಗುವಾಗ ನಡುಕ ಬರುತ್ತದೆಯೇ, ರಿವರ್ಸ್ ಹಾಕಿದರೆ ತಡವರಿಸುತ್ತದೆಯೇ ಎಂಬುದನ್ನು ಗಮನಿಸಬೇಕು.

ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಹಿಂದಿನ ಮಾಲೀಕ ಎಂಜಿನ್ನಿನ ಶಕ್ತಿ ಹೆಚ್ಚಿಸಿದ್ದನೇ? ಟರ್ಬೊ ಕಾರಿನ ಕಂಪ್ಯೂಟರಿಗೆ ಹೊಸ ತಂತ್ರಾಂಶ ತುಂಬಿ, ಒಂದು ಬೋಲ್ಟನ್ನೂ ಬಿಚ್ಚದೆ ಶಕ್ತಿಯನ್ನು ಗಣನೀಯವಾಗಿ ಏರಿಸಬಹುದು. ರೀಮ್ಯಾಪ್, ಸ್ಟೇಜ್ 1 ಎಂದೆಲ್ಲ ಕರೆಯುವುದು ಇದನ್ನೇ. ಒಳ್ಳೆಯ ಟ್ಯೂನರ್ ಕೈಯಲ್ಲಿ, ಸರಿಯಾದ ಪೆಟ್ರೋಲ್ ಹಾಕಿ, ಸರ್ವಿಸ್ ಅಂತರ ಕಡಿಮೆ ಮಾಡಿಕೊಂಡು ಓಡಿಸಿದವರೂ ಇದ್ದಾರೆ; ಅವರ ಶ್ರದ್ಧೆ ನೋಡಿದರೆ ಗೌರವ ಹುಟ್ಟುತ್ತದೆ. ತೊಂದರೆ ಇರುವುದು ಮಾರುವ ಮುನ್ನ ಹಳೆಯ ತಂತ್ರಾಂಶವನ್ನು ಮತ್ತೆ ತುಂಬಿ "ಕಂಪನಿಯಿಂದ ಬಂದ ಹಾಗೇ ಇದೆ" ಎನ್ನುವವರಲ್ಲಿ. ಕ್ಲಚ್ಚು, ಟರ್ಬೊ, ಪಿಸ್ಟನ್ನುಗಳು ಹೆಚ್ಚಿನ ಒತ್ತಡವನ್ನು ಅನುಭವಿಸಿ ಆಗಿದೆ. ತಂತ್ರಾಂಶ ಹಿಂದಕ್ಕೆ ಹೋಗಬಹುದು, ಸವೆತ ಹೋಗುವುದಿಲ್ಲ.

ಇದನ್ನು ಪತ್ತೆ ಮಾಡುವುದು ಸುಲಭವಲ್ಲ, ಆದರೆ ಸುಳಿವುಗಳಿವೆ. ಬದಲಾದ ತಂತ್ರಾಂಶವನ್ನು ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಗುರುತಿಸಿದರೆ ಫೋಕ್ಸ್‌ವ್ಯಾಗನ್ ಸಮೂಹದ ದಾಖಲೆಯಲ್ಲಿ ಆ ಚಾಸಿ ನಂಬರಿಗೆ ಟಿಡಿ1 ಎಂಬ ಗುರುತು ಬೀಳುತ್ತದೆ. ಏರ್ ಫಿಲ್ಟರ್ ಡಬ್ಬಿಯ ಸುತ್ತ ಬಿಚ್ಚಿ ಹಾಕಿದ ಕ್ಲಿಪ್ಪುಗಳು, ಮೂಲದ್ದಲ್ಲದ ಕೊಳವೆ, ಸೈಲೆನ್ಸರಿನ ಬಳಿ ಹೊಸ ವೆಲ್ಡಿಂಗ್ ಇವೂ ಕಥೆ ಹೇಳುತ್ತವೆ. ವಿಸಿಡಿಎಸ್‌ನಂಥ ಸ್ಕ್ಯಾನರ್ ಇಟ್ಟುಕೊಂಡ, ಈ ಸಮೂಹದ ಕಾರುಗಳನ್ನೇ ನೋಡುವ ಗ್ಯಾರೇಜಿಗೆ ಗಾಡಿ ಒಯ್ದು ಅರ್ಧ ದಿನ ಪರೀಕ್ಷೆ ಮಾಡಿಸುವುದಕ್ಕೆ ಕೆಲವು ಸಾವಿರ ಖರ್ಚಾಗುತ್ತದೆ. ಇಪ್ಪತ್ತು ಲಕ್ಷ ಸುರಿಯುವ ಮುನ್ನ ಆ ಖರ್ಚಿಗೆ ಕೈ ಹಿಂದೆಗೆಯಬಾರದು. ಮೀಟರ್ ತಿರುಗಿಸಿದ್ದರೂ ಅಲ್ಲೇ ಬಯಲಾಗಬಹುದು. ಓಡಿದ ದೂರ ಡ್ಯಾಶ್‌ಬೋರ್ಡಿನಲ್ಲಷ್ಟೇ ಅಲ್ಲದೆ ಬೇರೆ ಘಟಕಗಳಲ್ಲೂ ದಾಖಲಾಗಿರುತ್ತದೆ.

ಕಾನೂನಿನ ಮಾತೂ ಇದೆ. ನೋಂದಣಿ ಪತ್ರದಲ್ಲಿ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅಪಘಾತವಾದ ದಿನ ವಿಮೆಯವರು ಕೇಳುವ ಪ್ರಶ್ನೆಗೆ ಉತ್ತರಿಸಬೇಕಾದವರು ಈಗಿನ ಮಾಲೀಕರು, ಹಿಂದಿನವರಲ್ಲ. ಹಾಗಾಗಿ ಮಾರ್ಪಾಡಾದ ಗಾಡಿ ಎಷ್ಟೇ ಅಗ್ಗಕ್ಕೆ ಬಂದರೂ, ಮೊದಲ ಬಾರಿ ಇಂಥ ಕಾರು ಕೊಳ್ಳುವವರಿಗೆ ಬೇಡವೆಂದೇ ಹೇಳುತ್ತೇನೆ.

ಟೈರುಗಳು ಮಾಲೀಕನ ಸ್ವಭಾವ ಹೇಳುತ್ತವೆ. 230ರ ಚಕ್ರ 18 ಇಂಚಿನದು, ಟೈರಿನ ಅಳತೆ 225/40. ನಾಲ್ಕೂ ಒಂದೇ ಒಳ್ಳೆಯ ಕಂಪನಿಯವಾಗಿದ್ದು, ಪಕ್ಕದಲ್ಲಿನ ನಾಲ್ಕಂಕಿಯ ಸಂಖ್ಯೆ ಹತ್ತಿರದ ವರ್ಷದ್ದಾಗಿದ್ದರೆ (2319 ಎಂದರೆ 2019ರ 23ನೇ ವಾರ ತಯಾರಾದದ್ದು) ಖರ್ಚಿಗೆ ಹಿಂಜರಿಯದವರ ಕೈಯಲ್ಲಿತ್ತು ಎಂದರ್ಥ. ಮುಂದೆ ಒಂದು, ಹಿಂದೆ ಇನ್ನೊಂದು, ಅದರಲ್ಲೂ ಸಿಕ್ಕ ಅಗ್ಗದ ಟೈರುಗಳಿದ್ದರೆ ಎಣ್ಣೆ ಬದಲಾಯಿಸುವಾಗಲೂ ಅದೇ ಲೆಕ್ಕ ನಡೆದಿರುತ್ತದೆ. ಗಾಡಿಯನ್ನು ಲಿಫ್ಟ್ ಮೇಲೇರಿಸಿ ಚಕ್ರದ ಒಳಮುಖವನ್ನೂ ನೋಡಬೇಕು. ನಮ್ಮ ಗುಂಡಿಗಳಲ್ಲಿ ಬಿದ್ದು ಬಾಗಿದ ಅಲಾಯ್‌ಗೆ ವೆಲ್ಡಿಂಗ್ ಹಾಕಿಸಿ ಬಣ್ಣ ಹೊಡೆಸಿದ್ದು ಹೊರಗಿನಿಂದ ಕಾಣುವುದಿಲ್ಲ. ಆರ್‌ಎಸ್ ಮಾಮೂಲಿ ಆಕ್ಟೇವಿಯಾಗಿಂತ ತಗ್ಗಿನದು, ಅಳತೆಯಿಲ್ಲದೆ ಹಾಕಿದ ನಮ್ಮ ಹಂಪುಗಳು ಅದರ ಹೊಟ್ಟೆಯನ್ನು ಕೆರೆಯುತ್ತವೆ. ಎಂಜಿನ್ ಎಣ್ಣೆಯ ತೊಟ್ಟಿ ಜಜ್ಜಿದೆಯೇ ಎಂದು ಅಲ್ಲೇ ನೋಡಿಕೊಳ್ಳಬಹುದು.

ಬೆಂಗಳೂರಿನಲ್ಲಿ ಕೊಳ್ಳುವವರು ಮಳೆಯನ್ನೂ ನೆನಪಿಡಬೇಕು. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ರೈನ್‌ಬೋ ಡ್ರೈವ್ ಬಡಾವಣೆ, ಯಮಲೂರಿನ ಎಪ್ಸಿಲಾನ್ ನೀರಿನಲ್ಲಿ ನಿಂತದ್ದನ್ನು ಎಲ್ಲರೂ ನೋಡಿದ್ದಾರೆ. ಕೋಟಿ ಬೆಲೆಯ ಕಾರುಗಳೂ ಮುಳುಗಿದವು. ಅಂಥ ಗಾಡಿಗಳು ಹರಾಜಾಗಿ, ಒಣಗಿ, ಪಾಲಿಶ್ ಆಗಿ ಮತ್ತೆ ಮಾರುಕಟ್ಟೆಗೆ ಬರುವುದುಂಟು. ಚೆನ್ನೈನ 2015 ಮತ್ತು 2023ರ ನೆರೆಯ ಗಾಡಿಗಳಿಗೂ ಬೆಂಗಳೂರು ದೂರವಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದರೆ ಒಳಗಿದ್ದ ಭಾಗದಲ್ಲಿ ಕೆಸರಿನ ಗೆರೆ ಉಳಿದಿರಬಹುದು. ಸ್ಟೆಪ್ನಿಯ ಗುಳಿ, ಸೀಟಿನ ಕಂಬಿಯ ಸ್ಕ್ರೂಗಳ ತುಕ್ಕು, ಕಾರ್ಪೆಟ್ಟಿನಡಿಯ ವಾಸನೆ ಇವನ್ನು ಪರೀಕ್ಷಿಸಲು ಮೆಕ್ಯಾನಿಕ್ ಬೇಕಿಲ್ಲ. ಇಂಥ ಕಾರಿನಲ್ಲಿ ಸೀಟಿನಡಿಯವರೆಗೂ ವೈರು, ಸೆನ್ಸರುಗಳಿರುವುದರಿಂದ ಒಮ್ಮೆ ನೀರು ಕುಡಿದದ್ದು ಎಂದೂ ನೆಮ್ಮದಿ ಕೊಡುವುದಿಲ್ಲ.

ಕಾಗದಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹೊರರಾಜ್ಯದ ಗಾಡಿ ಎರಡು ಲಕ್ಷ ಕಡಿಮೆಗೆ ಸಿಕ್ಕಿತೆಂದು ಹಿಗ್ಗಬಾರದು. ಎನ್‌ಒಸಿ ತಂದು ಇಲ್ಲಿ ಮರುನೋಂದಣಿ ಮಾಡಿಸುವಾಗ ಗಾಡಿಯ ವಯಸ್ಸಿಗೆ ತಕ್ಕಂತೆ ಇಳಿಸಿದ ದರದಲ್ಲಿ ಜೀವಿತಾವಧಿ ತೆರಿಗೆ ಮತ್ತೆ ಕಟ್ಟಬೇಕು. ಆ ಲೆಕ್ಕಕ್ಕೆ ಆಧಾರ ನಾವು ಕೊಟ್ಟ ಬೆಲೆಯಲ್ಲ, ಗಾಡಿ ಹೊಸದಾಗಿದ್ದಾಗಿನ ಬೆಲೆ. ಉಳಿಸಿದ್ದು ಅಲ್ಲೇ ಹೋಗುತ್ತದೆ. ಮಾರುವವರ ನೋ ಕ್ಲೇಮ್ ಬೋನಸ್ ಅವರೊಂದಿಗೇ ಹೋಗುತ್ತದೆ, ಕಾರಿನೊಂದಿಗೆ ಬರುವುದಿಲ್ಲ. ಐದು ವರ್ಷ ದಾಟಿದ ಗಾಡಿಗೆ ಶೂನ್ಯ ಸವಕಳಿಯ ವಿಮೆಯನ್ನು ಎಲ್ಲ ಕಂಪನಿಗಳೂ ಕೊಡುವುದಿಲ್ಲ. ಒಂದು ಹೆಡ್‌ಲೈಟ್ ಒಡೆದರೂ ಜೇಬಿನಿಂದ ಹೋಗುವ ಪಾಲು ದೊಡ್ಡದು. ಇವನ್ನೆಲ್ಲ ನೋಡಿಯೇ, ಕೈಯಲ್ಲಿ 22 ಲಕ್ಷ ಇದ್ದರೆ 19ರೊಳಗಿನ ಗಾಡಿ ಹುಡುಕು, ಮೂರು ಲಕ್ಷ ಬ್ಯಾಂಕಿನಲ್ಲೇ ಇರಲಿ ಎಂದು ಹುಡುಗನಿಗೆ ಹೇಳಿದೆ.

ಅಷ್ಟೆಲ್ಲ ಮಾಡಿ ಆ ಶಕ್ತಿಯನ್ನು ಬಳಸುವುದೆಲ್ಲಿ? ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳ ಮಿತಿ ನೂರು, ಉದ್ದಕ್ಕೂ ಕ್ಯಾಮೆರಾ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದವರ ಮೇಲೆ ಎಫ್‌ಐಆರ್ ದಾಖಲಿಸುವ ಕ್ರಮ ಬಂದಿದೆ, ಅದು ಬರಬೇಕಾದ್ದೇ. ಆ ರಸ್ತೆಯಲ್ಲಿ ಸತ್ತವರನ್ನು ನೆನೆದರೆ ವೇಗದ ಕಾರಿನ ಮೇಲೆ ಪ್ರೀತಿಯಿರುವವರು ಈ ನಿಯಮವನ್ನು ಎಲ್ಲರಿಗಿಂತ ಮೊದಲು ಪಾಲಿಸಬೇಕು. ಗರಿಷ್ಠ ವೇಗ ನೋಡಬೇಕೆಂದರೆ ಕೊಯಮತ್ತೂರಿನ ಕಾರಿ ಟ್ರ್ಯಾಕ್ ಇದೆ, ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಇದೆ. ನನ್ನ ಮಟ್ಟಿಗೆ ಈ ಎಂಜಿನ್ನಿನ ನಿಜವಾದ ಪ್ರಯೋಜನ ಎಂಬತ್ತರ ಕೆಳಗೇ ಇದೆ. ಎರಡು ಪಥದ ರಸ್ತೆಯಲ್ಲಿ ಮರದ ದಿಮ್ಮಿ ಹೊತ್ತ ಲಾರಿಯ ಹಿಂದೆ ಹೋಗುತ್ತಿದ್ದೀರಿ, ನೇರ ರಸ್ತೆಯ ಚಿಕ್ಕ ತುಂಡು ಸಿಗುತ್ತದೆ. ಆಗ ದಾಟಿ ಎಡಕ್ಕೆ ಬರಲು ಬೇಕಾದ ಹೊತ್ತು ಮಾಮೂಲಿ ಕಾರಿನ ಅರ್ಧದಷ್ಟೇ ಸಾಕು. ಎದುರು ಪಥದಲ್ಲಿ ಕಳೆಯುವ ಸಮಯ ಕಡಿಮೆಯಾಗುವುದು ಸುರಕ್ಷತೆಯ ಮಾತೂ ಹೌದು. ಘಾಟಿಯ ಏರಿನ ತಿರುವಿನಿಂದ ಹೊರಬರುವಾಗ ಎಂಜಿನ್ ಒದ್ದಾಡದೆ ಎಳೆಯುವ ಆ ಸುಖವನ್ನು ಒಮ್ಮೆ ಕಂಡವರಿಗೆ ಈ ಆಸೆ ಯಾಕೆಂದು ವಿವರಿಸಬೇಕಿಲ್ಲ.

ಹಾಗಾದರೆ ಕೊಳ್ಳಬೇಕೇ? ಮನೆಯಲ್ಲಿ ಇದೊಂದೇ ಕಾರು, ದಿನಾ ನಲವತ್ತು ಕಿಲೋಮೀಟರ್ ಟ್ರಾಫಿಕ್ಕಿನಲ್ಲಿ ಕಚೇರಿಗೆ ಹೋಗಬೇಕು, ಸಾಲ ಮಾಡಿಯೇ ತರಬೇಕು ಎನ್ನುವವರಿಗೆ ವರ್ಟಸ್ ಅಥವಾ ವೆರ್ನಾ ಒಳ್ಳೆಯದು. ವರ್ಟಸ್‌ಗೆ ಗ್ಲೋಬಲ್ ಎನ್‌ಕ್ಯಾಪ್‌ನ ಐದು ಸ್ಟಾರ್ ಇದೆ, ಆರು ಗೇರಿನ ಮ್ಯಾನುಯಲ್ ಸಿಗುತ್ತದೆ, ಅದರ 150 ಪಿಎಸ್ ಯಾರನ್ನೂ ನಿರಾಸೆಗೊಳಿಸುವುದಿಲ್ಲ. ಈಗ ಪಂಪುಗಳಲ್ಲಿ ಸಿಗುವ ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೂ ಹೊಸ ಕಾರುಗಳೇ ಹೊಂದುತ್ತವೆ. 2017ರ ಗಾಡಿ ಅದನ್ನು ಎಣಿಸಿ ತಯಾರಾದದ್ದಲ್ಲ, ಮೈಲೇಜೂ ಇಳಿಯುತ್ತದೆ. ದಿನದ ಓಡಾಟಕ್ಕೆ ಮೆಟ್ರೊ ಅಥವಾ ಇನ್ನೊಂದು ಚಿಕ್ಕ ಕಾರು ಇದ್ದು, ತಿಂಗಳಿಗೆರಡು ಬಾರಿ ಊರಿಗೆ ಹೋಗುವವರಾಗಿದ್ದು, ದಿಢೀರನೆ ಒಂದೂವರೆ ಲಕ್ಷದ ಬಿಲ್ ಬಂದರೂ ನಿದ್ದೆ ಕೆಡದಂಥ ಸ್ಥಿತಿಯಿದ್ದರೆ 230 ಕೊಳ್ಳಬೇಕು. ಆದರೆ ಒಬ್ಬರೇ ಮಾಲೀಕರಿದ್ದ, ಮಾರ್ಪಾಡಾಗದ, ಮೊದಲ ಸರ್ವಿಸಿನಿಂದ ಕೊನೆಯದರವರೆಗೆ ಬಿಲ್ಲುಗಳ ಫೈಲಿರುವ ಗಾಡಿ ಸಿಗುವವರೆಗೆ ಕಾಯಬೇಕು. 245 ಇನ್ನೂ ಚೆನ್ನಾದ ಕಾರು, ತಿರುವುಗಳಲ್ಲಿ ಅದರ ಎಲೆಕ್ಟ್ರಾನಿಕ್ ಡಿಫರೆನ್ಷಿಯಲ್ ಮುಂದಿನ ಚಕ್ರಗಳನ್ನು ಹಿಡಿದಿಡುವ ರೀತಿಯೇ ಬೇರೆ. ಆದರೆ ಬಂದದ್ದೇ ಇನ್ನೂರು, ಅದೂ ಆಮದು. ಅದಕ್ಕೇ ಮೀಸಲಾದ ಬಿಡಿಭಾಗ ಬೇಕಾದಾಗ ಕಾಯುವ ತಾಳ್ಮೆ ಇರಬೇಕು.

ಅಕ್ಕನ ಮಗನಿಗೆ ಕೊನೆಗೆ ಮೈಸೂರಿನ ವೈದ್ಯರೊಬ್ಬರ ಗಾಡಿ ಸಿಕ್ಕಿತು. ಡಿಎಸ್‌ಜಿ ಎಣ್ಣೆಯ ಬಿಲ್ಲು ಸಮೇತ ಫೈಲ್ ಇತ್ತು, ಬೆಲೆ ನಾವಂದುಕೊಂಡದ್ದಕ್ಕಿಂತ ತುಸು ಜಾಸ್ತಿಯಾಯಿತು. ಫಾರಂ 29, 30ಕ್ಕೆ ಸಹಿಯಾದ ಬೆನ್ನಿಗೇ ವಿಮೆಯನ್ನು ಹೆಸರಿಗೆ ವರ್ಗಾಯಿಸಿಕೊಳ್ಳಲು ಅರ್ಜಿ ಹಾಕಿಸಿದೆ, ಅದಕ್ಕಿರುವ ಗಡುವು 14 ದಿನ. ಹಳೆಯ ಮಾಲೀಕರ ಫಾಸ್ಟ್ಯಾಗ್ ರದ್ದು ಮಾಡಿಸಿದ್ದಾಯಿತು. ಬಿಲ್ಲಿದ್ದರೂ ಎಂಜಿನ್ ಎಣ್ಣೆ, ಫಿಲ್ಟರುಗಳು, ಸ್ಪಾರ್ಕ್ ಪ್ಲಗ್, ಬ್ರೇಕ್ ಫ್ಲೂಯಿಡ್ ಎಲ್ಲವನ್ನೂ ಮೊದಲ ವಾರವೇ ಹುಡುಗ ಹೊಸದು ಹಾಕಿಸಿದ. ನೀರಿನ ಪಂಪಿನ ಗೂಡಿನಲ್ಲಿ ಸಣ್ಣ ಸೋರಿಕೆ ಕಾಣಿಸಿತು, ಅದನ್ನೂ ಹೊಸದು ಹಾಕಿಸಿದ. ಬ್ಯಾಂಕಿನಲ್ಲಿಟ್ಟ ಮೂರು ಲಕ್ಷದ ಮೊದಲ ಕಂತು ಹಾಗೆ ಖರ್ಚಾಯಿತು.